ಮಂಗೋಲಿಯಾದಿಂದ ಉತ್ತರಕ್ಕೆ 1,630 ಕಿ.ಮೀ. ಹೋದರೆ ಯಾವ ದೇಶ?

ಆರನೇ_ಊಹೆ
ತಲೆ ಕೆಟ್ಟು ಬರೆಯುತ್ತಿದ್ದೇನೆ, ಬೈಯಬೇಡಿ. ದಿನಕ್ಕೊಂದು ದೇಶ ಊಹಿಸುವ ವರ್ಲ್ಡಲ್ ಅನ್ನುವ ಆಟ ಇದೆಯಲ್ಲ, ದೇಶದ ಕಪ್ಪು ಆಕಾರ ತೋರಿಸಿ ಆರು ಅವಕಾಶ ಕೊಡುತ್ತದೆ. ತಪ್ಪಿದರೆ ಸರಿಯಾದ ದೇಶ ಎಷ್ಟು ಕಿ.ಮೀ. ದೂರ, ಯಾವ ದಿಕ್ಕು ಅಂತ ಬಾಣ ಹಾಕಿ ತೋರಿಸುತ್ತದೆ. ಎರಡು ವಾರದಿಂದ ಇದರ ಹುಚ್ಚು ಹಿಡಿದಿದೆ. ಆಕಾರ ನೋಡಿದ ಕೂಡಲೇ ಉತ್ತರ ಹೊಳೆಯುತ್ತಿತ್ತು. 12 ದಿನದ ಸ್ಟ್ರೀಕ್ (ಒಂದು ದಿನವೂ ಸೋಲದೆ ಸತತ ಗೆಲುವು) ಆಯಿತು, ಸೊಕ್ಕೂ ಬಂತು. ನಿನ್ನೆ ಸೆಟ್ಟಿಂಗ್ಸ್‌ಗೆ ಹೋಗಿ ಚಿತ್ರವನ್ನೇ ಮರೆಮಾಡಿ ಆಡಿದೆ. ಬರೀ ದೂರ, ಬರೀ ಬಾಣ.

ಫಿನ್‌ಲ್ಯಾಂಡ್ ಹಾಕಿದೆ. 3,930 ಕಿ.ಮೀ., ಪೂರ್ವಕ್ಕೆ. ಕಜಾಕಿಸ್ತಾನ ಹಾಕಿದೆ. 2,830, ಈಶಾನ್ಯ. ಚೀನಾ ಹಾಕಿದೆ. 2,850, ಉತ್ತರ. ಸರಿ, ಮಂಗೋಲಿಯಾನೇ ಅಂದುಕೊಂಡೆ. ಅದೂ ಅಲ್ಲ! 1,630 ಕಿ.ಮೀ., ಮತ್ತೆ ಉತ್ತರ. ಮಂಗೋಲಿಯಾದ ಮೇಲೆ ಇರುವುದು ರಷ್ಯಾ ಒಂದೇ. ಆದರೆ ರಷ್ಯಾ ಮಂಗೋಲಿಯಾಕ್ಕೆ ಅಂಟಿಕೊಂಡೇ ಇದೆ, ಫಿನ್‌ಲ್ಯಾಂಡಿಗೂ ಅಂಟಿಕೊಂಡಿದೆ. ಅಂದಮೇಲೆ ದೂರ ಸೊನ್ನೆ ಬರಬೇಕಲ್ವಾ? ಹಾಗಾಗಿ ರಷ್ಯಾ ಬಿಟ್ಟುಬಿಟ್ಟೆ. ಗಾಬರಿಯಲ್ಲಿ ಜಪಾನ್ ಹಾಕಿದೆ. ಕೊನೆಗೆ, ಹೇಳೋಕೆ ನಾಚಿಕೆ ಆಗುತ್ತೆ, ಗ್ರೀನ್‌ಲ್ಯಾಂಡ್.

ಸರಿಯುತ್ತರ ರಷ್ಯಾನೇ. ಆಟ ಕೆಟ್ಟಿದೆಯೋ, ನನ್ನ ಭೂಗೋಳ ಕೆಟ್ಟಿದೆಯೋ?

ಸುಮ್ನೆ_ಓದುಗ
ಗ್ರೀನ್‌ಲ್ಯಾಂಡ್!!!

ಅಟ್ಲಾಸ್_ಹುಳು
ಎರಡೂ ಕೆಟ್ಟಿಲ್ಲ. ದೂರವನ್ನು ಗಡಿಯಿಂದ ಗಡಿಗೆ ಅಳೆಯುವುದಿಲ್ಲ, ಒಂದು ದೇಶದ ನಡುವಿನಿಂದ ಇನ್ನೊಂದರ ನಡುವಿಗೆ ಅಳೆಯುತ್ತಾರೆ. ವರ್ಲ್ಡಲ್‌ನ ನಿಯಮದ ಪುಟದಲ್ಲೇ ಉದಾಹರಣೆ ಇದೆ: ಅಮೆರಿಕ ಮತ್ತು ಕೆನಡಾ ಪಕ್ಕಪಕ್ಕದಲ್ಲೇ ಇದ್ದರೂ ಆಟದ ಲೆಕ್ಕದಲ್ಲಿ ಸುಮಾರು 2,260 ಕಿ.ಮೀ. ದೂರ. ರಷ್ಯಾದ ನಡುಭಾಗ ಸೈಬೀರಿಯಾದಲ್ಲಿ ಎಲ್ಲೋ ಬೀಳುತ್ತದೆ. ಫಿನ್‌ಲ್ಯಾಂಡಿನಿಂದ ಅಲ್ಲಿಗೆ ನಾಲ್ಕು ಸಾವಿರದ ಹತ್ತಿರ ಆಗದೆ ಇನ್ನೇನು?

ನೀವು ಮೊದಲು ಗ್ಲೋಬಲ್ ಅನ್ನುವ ಇನ್ನೊಂದು ದೇಶ ಊಹಿಸುವ ಆಟ ಆಡುತ್ತಿದ್ದಿರಾ? ಅದರಲ್ಲಿ ಗಡಿಯಿಂದ ಗಡಿಗೆ ಲೆಕ್ಕ. ನೆರೆ ದೇಶ ಹಾಕಿದರೆ ದೂರ ಸೊನ್ನೆ. ಬಣ್ಣ ಕೆಂಪಾದಷ್ಟೂ ಹತ್ತಿರ.

ಆರನೇ_ಊಹೆ
ಅಯ್ಯೋ ಹೌದು ಸರ್! ಅದನ್ನೇ ಮೂರು ತಿಂಗಳು ಆಡಿ ಇದಕ್ಕೆ ಬಂದದ್ದು. ಆ ಲೆಕ್ಕ ತಲೆಯಲ್ಲಿ ಕೂತುಬಿಟ್ಟಿದೆ. ಇಲ್ಲಿ ಆಕಾರ ನೋಡಿ ಒಂದೇ ಏಟಿಗೆ ಹೊಡೆಯುತ್ತಿದ್ದೆನಲ್ಲ, ದೂರದ ಕಡೆ ಕಣ್ಣೇ ಹಾಕಿರಲಿಲ್ಲ.

ಕೋನಮಾಪಕ
ಗಾಯಕ್ಕೆ ಉಪ್ಪು ಸವರುವುದಲ್ಲ, ಆದರೂ ಹೇಳುತ್ತೇನೆ. ಉತ್ತರ ನಿಮ್ಮ ಮೂರನೇ ಊಹೆಗೇ ಕೈಲಿತ್ತು. ಕಜಾಕಿಸ್ತಾನದಿಂದ 2,830, ಚೀನಾದಿಂದ 2,850. ಎರಡೂ ಹೆಚ್ಚುಕಮ್ಮಿ ಒಂದೇ. ಪ್ರತಿ ಊಹೆಯೂ ಭೂಪಟದ ಮೇಲೆ ಒಂದು ಬಳೆ ಇಟ್ಟ ಹಾಗೆ, ಉತ್ತರ ಆ ಬಳೆಯ ಅಂಚಿನ ಮೇಲೆ ಎಲ್ಲೋ ಇರುತ್ತದೆ. ಎರಡು ಬಳೆ ಒಂದನ್ನೊಂದು ಎರಡೇ ಜಾಗದಲ್ಲಿ ದಾಟುತ್ತವೆ. ಬಾಣ ನೋಡಿದರೆ ಅದರಲ್ಲೊಂದು ಬಿದ್ದುಹೋಗುತ್ತದೆ. ಮೂರನೆಯ ಬಳೆ ಇದ್ದರೆ ಬಾಣವೂ ಬೇಡ. ಫೋನಿನಲ್ಲಿರುವ ಜಿಪಿಎಸ್ ನಿಮ್ಮನ್ನು ಹುಡುಕುವುದೂ ಹೀಗೇ, ಉಪಗ್ರಹಗಳಿಂದ ಇರುವ ದೂರ ಲೆಕ್ಕ ಹಾಕಿ.

ದಿಕ್ಕು_ತಪ್ಪಿದವ
ದಿನಾ ಬೆಳಿಗ್ಗೆ ಎರಡು ನಿಮಿಷ ಆಡುವ ಆಟಕ್ಕೆ ಬಳೆ, ಉಪಗ್ರಹ ಎಲ್ಲಾ ಬೇಕಾ ಗುರೂ?

ಕೋನಮಾಪಕ
ಬೇಡ. ಗ್ರೀನ್‌ಲ್ಯಾಂಡ್ ಹಾಕಿಕೊಂಡು ಇರಬಹುದು.

ಆರನೇ_ಊಹೆ
ಗ್ರೀನ್‌ಲ್ಯಾಂಡ್ ವಿಷಯ ಸಾಕು ಮಾಡಿ ಪ್ಲೀಸ್.

ರೇಖಾಂಶ
ಮಂಗೋಲಿಯಾದ ಬಗ್ಗೆ ಒಂದು ಮಾತು. ಅದಕ್ಕೆ ನೆರೆಹೊರೆ ಅಂತ ಇರುವುದು ರಷ್ಯಾ ಮತ್ತು ಚೀನಾ, ಅಷ್ಟೇ. ಭೂಪಟದಲ್ಲಿ ಕಜಾಕಿಸ್ತಾನ ತಾಗುವ ಹಾಗೆ ಕಾಣುತ್ತದೆ, ಆದರೆ ತಾಗುವುದಿಲ್ಲ. ನಡುವೆ ನಲವತ್ತು ಕಿ.ಮೀ.ಗಿಂತ ಕಡಿಮೆ ಜಾಗ, ಅದರಲ್ಲಿ ರಷ್ಯಾ ಮತ್ತು ಚೀನಾ ಕೈಕುಲುಕಿಕೊಂಡಿವೆ. ನೆರೆ ದೇಶ ಹೇಳಿ ಅನ್ನುವ ಬೋನಸ್ ಸುತ್ತಿನಲ್ಲಿ ಇದೇ ಜಾಗದಲ್ಲಿ ಎರಡು ಸಲ ಬಿದ್ದಿದ್ದೇನೆ.

ಬಾಣದ_ಬೆನ್ನಿಗೆ
ದೂರದ ಕಥೆ ಗೊತ್ತಾಯಿತು. ನನ್ನ ತಕರಾರು ಬಾಣದ ಮೇಲೆ. ಫಿನ್‌ಲ್ಯಾಂಡಿನಿಂದ ರಷ್ಯಾದ ನಡುವಿಗೆ ಪೂರ್ವ ಅಂತ ತೋರಿಸಿದೆ. ಗೋಲದ ಮೇಲೆ ಅದು ಪೂರ್ವವೇ ಅಲ್ಲ. ಎರಡೂ ಸುಮಾರು 62 ಡಿಗ್ರಿ ಉತ್ತರದಲ್ಲಿವೆ ನಿಜ. ಆದರೆ ಒಂದು ಗ್ಲೋಬ್ ತಗೊಂಡು ಎರಡರ ನಡುವೆ ದಾರ ಎಳೆದು ಬಿಗಿ ಹಿಡಿಯಿರಿ. ದಾರ ಮೊದಲು ಈಶಾನ್ಯಕ್ಕೆ ಏರಿ, ಆರ್ಕ್ಟಿಕ್ ಕಡೆ ಬಾಗಿ, ಆಮೇಲೆ ಇಳಿಯುತ್ತದೆ. ಅದೇ ಹತ್ತಿರದ ದಾರಿ. 3,930 ಕಿ.ಮೀ. ಅನ್ನುವುದು ಆ ದಾರದ ಉದ್ದ. ಅಂದರೆ ದೂರವನ್ನು ದುಂಡು ಭೂಮಿಯ ಮೇಲೆ ಅಳೆದು, ಬಾಣವನ್ನು ಮಾತ್ರ ಚಪ್ಪಟೆ ಕಾಗದದ ಮೇಲೆ ಬಿಡುತ್ತಾರೆ. ಯಾವುದಾದರೂ ಒಂದು ಕಡೆ ನಿಲ್ಲಬೇಕಲ್ವಾ?

ಅಟ್ಲಾಸ್_ಹುಳು
ಪೂರ್ವ ಅಂದರೆ ಪೂರ್ವ. ಒಂದೇ ಅಕ್ಷಾಂಶದ ಮೇಲೆ ಬಲಕ್ಕೆ ನಡೆದರೆ ಅದನ್ನೇ ಪೂರ್ವ ಅನ್ನೋದು.

ಬಾಣದ_ಬೆನ್ನಿಗೆ
ನಡೆಯುತ್ತಾ ಪೂರ್ವಕ್ಕೇ ಮುಖ ಇರಬೇಕೆಂದರೆ ಪ್ರತಿ ಹೆಜ್ಜೆಗೂ ಸ್ವಲ್ಪ ತಿರುಗುತ್ತಿರಬೇಕು. ಉತ್ತರ ಧ್ರುವದಿಂದ ಐದು ಮೀಟರ್ ದೂರದಲ್ಲಿ ನಿಂತು ಪೂರ್ವಕ್ಕೆ ನಡೆದು ನೋಡಿ. ಸುತ್ತ ಒಂದು ರೌಂಡ್ ಹೊಡೆದು ಅಲ್ಲಿಗೇ ಬರುತ್ತೀರಿ. ಅದು ನೇರ ದಾರಿಯಾ?

ಅಟ್ಲಾಸ್_ಹುಳು
ಆಡುವವರ ಮುಂದೆ ಇರುವುದು ಚಪ್ಪಟೆ ಭೂಪಟ, ತಲೆಯೊಳಗೆ ಇರುವುದೂ ಅದೇ. ಫಿನ್‌ಲ್ಯಾಂಡಿನ ಪಕ್ಕ ಈಶಾನ್ಯ ಅಂತ ಬಾಣ ಬಂದರೆ ಜನ ಎಲ್ಲರೂ ಉತ್ತರ ಮಹಾಸಾಗರಕ್ಕೆ ಬಿದ್ದು ಸಾಯುತ್ತಾರೆ. ಆಟ ಆಡುವವರಿಗೆ ಅರ್ಥವಾಗುವ ಬಾಣವೇ ಸರಿ.

ಬಾಣದ_ಬೆನ್ನಿಗೆ
ಅರ್ಥ ಆಗುತ್ತೆ ಅಂತ ತಪ್ಪು ಹೇಳಿಕೊಡಬಹುದಾ?

ಕೋನಮಾಪಕ
ಇಬ್ಬರೂ ಸರಿ. ಹಡಗಿನವರು ನೂರಾರು ವರ್ಷ ಚಪ್ಪಟೆ ಬಾಣವನ್ನೇ ನಂಬಿ ಹೋದರು. ದಿಕ್ಸೂಚಿಯ ಮುಳ್ಳನ್ನು ಒಂದೇ ಕೋನದಲ್ಲಿ ಇಟ್ಟುಕೊಂಡು ಸಾಗಬೇಕಲ್ಲ. ಮರ್ಕೇಟರ್ 1569ರಲ್ಲಿ ತನ್ನ ಭೂಪಟ ಮಾಡಿದ್ದೇ ಅದಕ್ಕೆ: ಒಂದೇ ಕೋನದ ದಾರಿ ಅದರಲ್ಲಿ ನೇರ ಗೆರೆಯಾಗಿ ಬರುತ್ತದೆ. ವಿಮಾನದವರಿಗೆ ಇಂಧನದ ಚಿಂತೆ, ಹಾಗಾಗಿ ದಾರದ ದಾರಿ ಹಿಡಿಯುತ್ತಾರೆ. ಒಂದೇ ಪ್ರಶ್ನೆಗೆ ಎರಡು ಬಾಣ. ನೀವು ಆಡುವ ಆಟ ಯಾವುದನ್ನು ಬಳಸುತ್ತದೆ ಅಂತ ಒಮ್ಮೆ ಕಂಡುಕೊಂಡರೆ ಸಾಕು. ಫಿನ್‌ಲ್ಯಾಂಡ್-ರಷ್ಯಾ ಜೋಡಿ ಅದಕ್ಕೆ ಒಳ್ಳೆಯ ಪರೀಕ್ಷೆ.

ನಡುರಾತ್ರಿ_ಪಾಳಿ
ಬಾಣದ ಜಗಳದಲ್ಲಿ ನನ್ನದೂ ಒಂದು ಇರಲಿ. ಒಂದು ದಿನ ಮೊದಲ ಊಹೆ ಸ್ಪೇನ್ ಹಾಕಿದೆ. 19,900 ಕಿ.ಮೀ.ಗೆ ಹತ್ತಿರ ಬಂತು. ಹತ್ತಿರದ ಶೇಕಡಾ ತೋರಿಸುತ್ತಾರಲ್ಲ, ಅದರಲ್ಲಿ ಸೊನ್ನೆ. ನಾನು ಸಿಸ್ಟಮ್ ಕೈಕೊಟ್ಟಿತು ಅಂದುಕೊಂಡೆ.

ಕೋನಮಾಪಕ
ನ್ಯೂಜಿಲೆಂಡ್!

ನಡುರಾತ್ರಿ_ಪಾಳಿ
ಹೌದು ಗುರೂ. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ., ಅದರ ಅರ್ಧಕ್ಕಿಂತ ದೂರ ಯಾವ ಜಾಗವೂ ಇರೋಕಾಗಲ್ಲ. ಆ 20,000ವನ್ನೇ ಸೊನ್ನೆ ಅಂತ ಇಟ್ಟು ಶೇಕಡಾ ಲೆಕ್ಕ ಹಾಕುತ್ತಾರೆ. ಹತ್ತು ಸಾವಿರ ಕಿ.ಮೀ. ಆದರೆ 50. ಸ್ಪೇನಿನ ಕಾಲಡಿಯಲ್ಲಿ ನೇರ ಕೊರೆದುಕೊಂಡು ಹೋದರೆ ನ್ಯೂಜಿಲೆಂಡಿನಲ್ಲಿ ಏಳುತ್ತೀರಿ. ಸೊನ್ನೆ ಬಂತು ಅಂತ ಬೇಜಾರಾಗಿತ್ತು, ಆದರೆ ಇದಕ್ಕಿಂತ ಒಳ್ಳೆಯ ಸುಳಿವು ಬೇರೆ ಯಾವುದೂ ಇಲ್ಲ. ಎರಡನೇ ಊಹೆಗೇ ಮುಗಿಯಿತು. ಅಂಥ ಜೋಡಿಯಲ್ಲಿ ಬಾಣಕ್ಕೆ ಅರ್ಥವೇ ಇಲ್ಲ, ಯಾವ ಕಡೆ ಹೊರಟರೂ ಹೆಚ್ಚುಕಮ್ಮಿ ಅಷ್ಟೇ ದೂರ.

ಬಾಣದ_ಬೆನ್ನಿಗೆ
ನೋಡಿದಿರಾ? ಅದನ್ನೇ ನಾನು ಹೇಳಿದ್ದು.

ಅಟ್ಲಾಸ್_ಹುಳು
ನೀವು ಅದನ್ನು ಹೇಳಿರಲಿಲ್ಲ.

ಮನೆಗೆಲಸ_ಮುಗಿಸಿ
ಎಲ್ಲರೂ ಮೊದಲ ಊಹೆ ಯಾವುದು ಹಾಕುತ್ತೀರಿ ಹೇಳಿ. ನಾನು ಯಾವಾಗಲೂ ಚಾಡ್. ಆಫ್ರಿಕದಲ್ಲೇ 54 ದೇಶ ಇವೆ. ಅದರ ಹೊಟ್ಟೆಯಲ್ಲಿ ಕೂತರೆ ಸುತ್ತ ಯಾವ ಕಡೆ ಹೋಗಬೇಕು ಅಂತ ಬಾಣವೇ ಹೇಳುತ್ತದೆ.

ಕೋನಮಾಪಕ
ನನ್ನ ಪ್ರಕಾರ ನಟ್ಟನಡುವಿನ ದೇಶ ಒಳ್ಳೆಯದಲ್ಲ ಅಕ್ಕ. ನಡುವಿನಿಂದ ನೋಡಿದರೆ ತುಂಬಾ ದೇಶಗಳು ಒಂದೇ ದೂರದಲ್ಲಿ ಬೀಳುತ್ತವೆ. ಚಾಡ್ ಹಾಕಿದಿರಿ, 3,200 ಕಿ.ಮೀ. ಪೂರ್ವ ಅಂತ ಬಂತು. ಏನು ಹಾಕುತ್ತೀರಿ?

ಮನೆಗೆಲಸ_ಮುಗಿಸಿ
ಯೆಮೆನ್.

ಕೋನಮಾಪಕ
ಸೊಮಾಲಿಯಾನೂ ಸರಿಸುಮಾರು ಅಷ್ಟೇ ದೂರ. ಅದು ಪೂರ್ವಕ್ಕಿಂತ ಚೂರು ಕೆಳಗೆ. ಎಂಟೇ ಬಾಣ ಇರುವ ಆಟದಲ್ಲಿ ಎರಡಕ್ಕೂ ಬಲಗಡೆಯ ಬಾಣವೇ ಬರುತ್ತದೆ. ಒಂದು ಏಡನ್ ಕೊಲ್ಲಿಯ ಮೇಲೆ, ಇನ್ನೊಂದು ಕೆಳಗೆ. ಮೂಲೆಯ ದೇಶದಿಂದ ಶುರು ಮಾಡಿದರೆ ದೂರವೇ ಜಾಸ್ತಿ ಕೆಲಸ ಮಾಡುತ್ತದೆ.

ಮನೆಗೆಲಸ_ಮುಗಿಸಿ
ಎರಡೇ ಉಳಿದರೆ ಎರಡನೇ ಊಹೆ, ಇಲ್ಲಾ ಅಂದರೆ ಮೂರನೇದು. ಆರು ಇವೆಯಲ್ಲಪ್ಪ! ನನ್ನ ಸ್ಟ್ರೀಕ್ 200 ದಾಟಿದೆ. ಚಾಡ್ ಬಿಡಲ್ಲ.

ಸುಮ್ನೆ_ಓದುಗ
ನಾನು ನಿನ್ನೆಯ ಉತ್ತರವನ್ನೇ ಇವತ್ತಿನ ಮೊದಲ ಊಹೆ ಮಾಡುತ್ತೇನೆ. ಲೆಕ್ಕ ಗಿಕ್ಕ ಇಲ್ಲ. ನಿನ್ನೆ ಮರೆತಿಲ್ಲ ಅಂತ ಖಾತ್ರಿ ಆಗುತ್ತದೆ.

ಅಮ್ಮನ_ಮಗಳು
ನಮ್ಮನೆಯಲ್ಲಿ ದೊಡ್ಡ ಜಗಳ ಬೇರೆಯೇ ಇದೆ. ಅಮ್ಮ ಪಕ್ಕದಲ್ಲಿ ಭೂಪಟ ಬಿಡಿಸಿಟ್ಟುಕೊಂಡೇ ಆಡುತ್ತಾರೆ. ಸ್ಕೇಲ್ ಹಿಡಿದು ಅಳೆಯುತ್ತಾರೆ. ಹೌದು, ಸ್ಕೇಲ್. ಅದು ಮೋಸ ಅಂತ ತಮ್ಮ. ನೋಡಿಕೊಂಡು ಕಲಿಯುವುದು ಮೋಸ ಹೇಗಾಗುತ್ತೆ ಅಂತ ಅಮ್ಮ. ನಾನು ನಡುವೆ ಸಿಕ್ಕಿಕೊಂಡಿದ್ದೇನೆ. ನೀವೆಲ್ಲ ಏನಂತೀರಿ?

ದಿಕ್ಕು_ತಪ್ಪಿದವ
ಮೋಸ. ಪರೀಕ್ಷೆಯಲ್ಲಿ ಪುಸ್ತಕ ಇಟ್ಟುಕೊಂಡ ಹಾಗೆ.

ಮನೆಗೆಲಸ_ಮುಗಿಸಿ
ಪರೀಕ್ಷೆ ಅಂತ ಯಾರು ಹೇಳಿದರು? ಮಾರ್ಕ್ಸ್ ಯಾರಿಗೆ ಕೊಡಬೇಕು? ಅಮ್ಮನಿಗೆ ನನ್ನ ವೋಟು.

ರೇಖಾಂಶ
ಭೂಪಟ ನೋಡುವುದು ಬೇರೆ, ಆಕಾರದ ಚಿತ್ರವನ್ನು ಸರ್ಚ್‌ಗೆ ಹಾಕಿ ಉತ್ತರ ತೆಗೆಯುವುದು ಬೇರೆ. ಮೊದಲನೆಯದರಲ್ಲಿ ಇನ್ನೂ ನೀವೇ ಯೋಚನೆ ಮಾಡಬೇಕು. ನಾನು ನಾಲ್ಕನೇ ಊಹೆಯವರೆಗೆ ಬರೀ ನೆನಪು, ಐದು ಮತ್ತು ಆರಕ್ಕೆ ಭೂಪಟ ಅಂತ ಇಟ್ಟುಕೊಂಡಿದ್ದೇನೆ. ನನ್ನ ಜೊತೆ ನಾನೇ ಮಾಡಿಕೊಂಡ ಒಪ್ಪಂದ. ಮುರಿದ ದಿನ ನನಗೇ ಗೊತ್ತಾಗುತ್ತದೆ.

ದಿಕ್ಕು_ತಪ್ಪಿದವ
ಹಾಗಾದರೆ ಸ್ಟ್ರೀಕ್ ತೋರಿಸಿಕೊಂಡು ಜಂಬ ಕೊಚ್ಚಿಕೊಳ್ಳಬಾರದು. 200 ದಿನ, 300 ದಿನ ಅಂತ ಹಾಕುತ್ತಾರಲ್ಲ, ಅದರಲ್ಲಿ ಎಷ್ಟು ಭೂಪಟದ್ದು ಅಂತ ಯಾರಿಗೆ ಗೊತ್ತು?

ಮನೆಗೆಲಸ_ಮುಗಿಸಿ
ಈ ಮಾತು ನನಗಾ?

ದಿಕ್ಕು_ತಪ್ಪಿದವ
ಸಾಮಾನ್ಯವಾಗಿ ಹೇಳಿದೆ ಅಕ್ಕ.

ಬಾಣದ_ಬೆನ್ನಿಗೆ
ಅಮ್ಮನ_ಮಗಳು ಅವರೇ, ಅಮ್ಮ ಸ್ಕೇಲ್‌ನಲ್ಲಿ ಅಳೆಯುವುದು ಗೋಡೆಗೆ ಹಾಕುವ ಸಾಮಾನ್ಯ ಭೂಪಟವಾದರೆ ಅದು ಮೋಸ ಅಲ್ಲ, ತಮಗೆ ತಾವೇ ಮಾಡಿಕೊಳ್ಳುವ ಅನ್ಯಾಯ. ಮರ್ಕೇಟರ್ ಮಾದರಿಯಲ್ಲಿ ಧ್ರುವದ ಕಡೆ ಹೋದಷ್ಟೂ ಎಲ್ಲಾ ಹಿಗ್ಗುತ್ತದೆ. ಗ್ರೀನ್‌ಲ್ಯಾಂಡ್ ಆಫ್ರಿಕದಷ್ಟು ಕಾಣುತ್ತದೆ, ನಿಜವಾಗಿ ಆಫ್ರಿಕ ಅದರ ಹದಿನಾಲ್ಕು ಪಟ್ಟು ಇದೆ. ಸಮಭಾಜಕದ ಬಳಿ ಒಂದು ಸೆಂಟಿಮೀಟರ್ ಅಂದರೆ ಎಷ್ಟು ದೂರವೋ, 60 ಡಿಗ್ರಿಯಲ್ಲಿ ಅದರ ಅರ್ಧ ಮಾತ್ರ.

ಆರನೇ_ಊಹೆ
ಮತ್ತೆ ಗ್ರೀನ್‌ಲ್ಯಾಂಡ್! ಬೇಕಂತಲೇ ತಂದಿರಿ.

ಅಮ್ಮನ_ಮಗಳು
ಅಮ್ಮನಿಗೆ ಓದಿ ಹೇಳಿದೆ. "ಅದಕ್ಕೇ ನಾರ್ವೆ ದಿನ ತಪ್ಪಾಯಿತು" ಅಂದರು. ಈಗ ಗ್ಲೋಬ್ ಬೇಕಂತೆ. ದಾರ ರೆಡಿ ಇಟ್ಟಿದ್ದಾರೆ.

ನಡುರಾತ್ರಿ_ಪಾಳಿ
ನಿಮ್ಮಮ್ಮನ ಮುಂದೆ ನಾವೆಲ್ಲ ಏನೂ ಅಲ್ಲ.

ಅಟ್ಲಾಸ್_ಹುಳು
ಆಕಾರದ ವಿಷಯ ಯಾರೂ ಎತ್ತಲಿಲ್ಲ. ಎಲ್ಲಾ ದೇಶವನ್ನೂ ಒಂದೇ ಅಳತೆಯ ಡಬ್ಬಿಯಲ್ಲಿ ತುಂಬಿ ತೋರಿಸುತ್ತಾರೆ. ರಷ್ಯಾ 1.7 ಕೋಟಿ ಚದರ ಕಿ.ಮೀ., ನೌರು 21 ಚದರ ಕಿ.ಮೀ. ಪರದೆಯ ಮೇಲೆ ಎರಡೂ ಒಂದೇ ಗಾತ್ರ. ದುಂಡಗೆ ಬಟಾಟೆ ಥರ ಒಂದು ಆಕಾರ ಬಂದರೆ ಅದು ಹತ್ತು ಕೋಟಿ ಜನರ ದೇಶವೋ, ಅರ್ಧ ದಿನದಲ್ಲಿ ನಡೆದು ಸುತ್ತಬಹುದಾದ ದ್ವೀಪವೋ ಹೇಗೆ ಹೇಳುವುದು? ನನ್ನ ಉಪಾಯ: ಅಂಚು ನೋಡಿ. ಅಂಚಿನಲ್ಲಿ ಎಲ್ಲಾದರೂ ಸ್ಕೇಲ್ ಇಟ್ಟು ಎಳೆದಂಥ ನೇರ ಗೆರೆ ಇದ್ದರೆ ಅದು ಭೂಮಿಯ ಮೇಲಿನ ಗಡಿ. ಸಮುದ್ರ ಹಾಗೆ ಕತ್ತರಿಸುವುದಿಲ್ಲ. ಈಜಿಪ್ಟಿನ ಕೆಳಗಡೆಯ ಗೆರೆ ನೋಡಿ, 22 ಡಿಗ್ರಿ ಅಕ್ಷಾಂಶದ ಮೇಲೇ ಓಡುತ್ತದೆ.

ರೇಖಾಂಶ
ಚುಕ್ಕಿ ಚುಕ್ಕಿ ಬಂದರೆ ನಾನು ಕೈ ಮುಗಿಯುತ್ತೇನೆ. ಮಾಲ್ಡೀವ್ಸ್ ಸರಿ, ಮೇಲಿಂದ ಕೆಳಗೆ ಹಾರ ಇಳಿಬಿಟ್ಟ ಹಾಗಿರುತ್ತದೆ. ಆದರೆ ಮಾರ್ಷಲ್, ತುವಾಲು, ಕಿರಿಬಾಟಿ? ಪರದೆ ಮೇಲೆ ಧೂಳು ಕೂತಿದೆ ಅಂತ ಒರೆಸಿದ್ದೇನೆ, ದೇವರಾಣೆ.

ಸುಮ್ನೆ_ಓದುಗ
ಹಹಹ, ಒರೆಸಿದ್ದು ನಾನೂ.

ದಿಕ್ಕು_ತಪ್ಪಿದವ
ಅದಕ್ಕಿಂತ ಕೆಟ್ಟದ್ದು ಕೇಳಿ. ಒಂದು ಆಟದಲ್ಲಿ ಉತ್ತರ ಬೂವೆ ದ್ವೀಪ ಅಂತ ಬಂತು. ದಕ್ಷಿಣ ಅಟ್ಲಾಂಟಿಕ್‌ನಲ್ಲಿ ಹಿಮ ತುಂಬಿದ ಒಂದು ಬಂಡೆ. ನಾರ್ವೆಗೆ ಸೇರಿದ್ದು. ಅಲ್ಲಿ ಒಬ್ಬ ಮನುಷ್ಯನೂ ವಾಸ ಇಲ್ಲ. ದೇಶ ಊಹಿಸಿ ಅಂತ ಹೇಳಿ ಇದನ್ನು ಕೊಟ್ಟರೆ ಯಾರಿಗೆ ಮಾಡಿದ ಮೋಸ? ಭೂಪಟ ನೋಡುವ ಅಮ್ಮನಿಗಿಂತ ಇದು ದೊಡ್ಡ ಮೋಸ ಅಲ್ವಾ?

ಅಟ್ಲಾಸ್_ಹುಳು
ಅದಕ್ಕೆ ಕಾರಣ ಪಟ್ಟಿ. ವಿಶ್ವಸಂಸ್ಥೆಯ ಸದಸ್ಯರು 193. ಕಂಪ್ಯೂಟರಿನವರು ಬಳಸುವ ಎರಡಕ್ಷರದ ಸಂಕೇತಗಳ ಐಎಸ್‌ಒ ಪಟ್ಟಿಯಲ್ಲಿ 249 ಇವೆ. ಅದರಲ್ಲಿ ಬೂವೆಗೂ ಒಂದು ಸಂಕೇತ, ಅಂಟಾರ್ಕ್ಟಿಕಾಕ್ಕೂ ಒಂದು. ಆಟ ಮಾಡುವವರು ಆ ಪಟ್ಟಿಯನ್ನು ಹಾಗೇ ತೆಗೆದುಕೊಂಡರೆ ಬಂಡೆಗಳೂ ಬರುತ್ತವೆ.

ಮನೆಗೆಲಸ_ಮುಗಿಸಿ
ಹೆಸರು ಬದಲಾಗುವುದೂ ಒಂದು ಪೀಡೆ. ಸ್ವಾಜಿಲ್ಯಾಂಡ್ ಅಂತ ಟೈಪ್ ಮಾಡಿದೆ, ಅಂಥ ದೇಶ ಇಲ್ಲ ಅಂತು. ಎಸ್ವಾಟಿನಿ ಆಗಿದೆ, 2018ರಿಂದ. ಮ್ಯಾಸಿಡೋನಿಯಾದ ಹಿಂದೆ 'ಉತ್ತರ' ಸೇರಿದ್ದು 2019ರಲ್ಲಿ. ಐವರಿ ಕೋಸ್ಟ್ ಅಂತ ಹುಡುಕಿದರೆ ಕೆಲವು ಕಡೆ ಕೋಟ್ ಡಿವ್ವಾರ್ ಅಂತಲೇ ಬರೆಯಬೇಕು. ಉತ್ತರ ಗೊತ್ತಿದ್ದೂ ಸೋಲುವ ಸಂಕಟ ಇದೆಯಲ್ಲ...

ನಡುರಾತ್ರಿ_ಪಾಳಿ
ಗಿನಿ ಬಗ್ಗೆ ಯಾರಾದರೂ ಮಾತಾಡಿ. ಗಿನಿ, ಗಿನಿ-ಬಿಸಾವ್, ಈಕ್ವಟೋರಿಯಲ್ ಗಿನಿ, ಪಪುವಾ ನ್ಯೂ ಗಿನಿ. ಒಂದೇ ದಿನ ಒಂದೇ ಆಟದಲ್ಲಿ ಮೂರು ಗಿನಿ ಹಾಕಿ ಸೋತಿದ್ದೇನೆ.

ರೇಖಾಂಶ
ನಾಲ್ಕನೆಯದು ಉತ್ತರವಾ?

ನಡುರಾತ್ರಿ_ಪಾಳಿ
ಅಲ್ಲ. ಗಯಾನ.

ಬೀದಿ_ಕಣ್ಣು
ನಾನು ಆಕಾರದ ಆಟ ಬಿಟ್ಟು ರಸ್ತೆ ಚಿತ್ರದ ಆಟಕ್ಕೆ ಹೋಗಿ ವರ್ಷವಾಯಿತು. ಎಲ್ಲೋ ಒಂದು ರಸ್ತೆಯಲ್ಲಿ ಇಳಿಸಿಬಿಡುತ್ತಾರೆ, ಎಲ್ಲಿ ಅಂತ ಭೂಪಟದ ಮೇಲೆ ಗುರುತು ಹಾಕಬೇಕು. 2013ರಲ್ಲಿ ಸ್ವೀಡನ್ನಿನಿಂದ ಬಂದ ಜಿಯೋಗೆಸ್ಸರ್ ಈ ಬಗೆಯ ಆಟಕ್ಕೆ ಹೆಸರು ತಂದದ್ದು. ಈಗ ಅದೇ ಥರದ್ದು, ದಿನಕ್ಕೊಂದು ಪುಕ್ಕಟೆ ಕೊಡುವವೂ ಇವೆ.

ಇಲ್ಲಿ ದೂರ, ಬಾಣ ಏನೂ ಇಲ್ಲ. ಕಣ್ಣೇ ಎಲ್ಲಾ. ಮೊದಲು ಸೂರ್ಯ ನೋಡುತ್ತೇನೆ. ನಡುಹಗಲಲ್ಲಿ ಅವನು ಉತ್ತರದ ಕಡೆ ಚೆನ್ನಾಗಿ ವಾಲಿದ್ದರೆ ದಕ್ಷಿಣಾರ್ಧ ಗೋಳ. ಆಮೇಲೆ ಗಾಡಿಗಳು ಯಾವ ಬದಿ ಅಂತ. ದಕ್ಷಿಣ ಅಮೆರಿಕದ ಹಾಗೆ ಕಾಣುತ್ತಿದ್ದು ಎಡಗಡೆ ಓಡಿಸುತ್ತಿದ್ದರೆ ಉಳಿಯುವುದು ಗಯಾನ, ಸುರಿನಾಮ್ ಎರಡೇ. ಫಲಕದ ಮೇಲೆ ರಷ್ಯನ್ ಥರದ ಅಕ್ಷರ ಕಂಡ ಕೂಡಲೇ ರಷ್ಯಾ ಅಂತ ಹಾರಬೇಡಿ. ಬಲ್ಗೇರಿಯಾ, ಸರ್ಬಿಯಾ, ಕಿರ್ಗಿಸ್ತಾನ, ಮಂಗೋಲಿಯಾ ಎಲ್ಲಾ ಕಡೆ ಅದೇ ಸಿರಿಲಿಕ್ ಲಿಪಿ.

ಕಸಬುದಾರರು ಇನ್ನೂ ಮುಂದೆ ಹೋಗಿದ್ದಾರೆ. ಚಿತ್ರ ತೆಗೆದ ಕಾರನ್ನೇ ನೋಡುತ್ತಾರೆ. ಕೀನ್ಯಾದ ಕಾರಿಗೆ ಮುಂದೆ ಗಾಳಿ ಎಳೆಯುವ ಕೊಳವೆ ಇರುತ್ತದೆ. ಘಾನಾದ ಕಾರಿನ ಮೇಲಿನ ಕಂಬಿಗೆ ಕಪ್ಪು ಟೇಪ್ ಸುತ್ತಿದೆ. ಅದು ಕಂಡರೆ ಸಾಕು, ರಸ್ತೆ ನೋಡದೆಯೇ ದೇಶ ಹೇಳುತ್ತಾರೆ.

ಅಟ್ಲಾಸ್_ಹುಳು
ಇದು ಭೂಗೋಳವಾ? ಟೇಪ್ ನೋಡಿ ಘಾನಾ ಅನ್ನುವುದರಲ್ಲಿ ಘಾನಾದ ಬಗ್ಗೆ ಏನು ತಿಳಿಯಿತು?

ಬೀದಿ_ಕಣ್ಣು
ಆಕಾರ ನೋಡಿ ಘಾನಾ ಅಂದಾಗ ಏನು ತಿಳಿಯಿತು ಸರ್? ನಾನು ಕನಿಷ್ಠ ಅಲ್ಲಿನ ಕೆಂಪು ಮಣ್ಣನ್ನಾದರೂ ನೋಡಿದೆ.

ಕೋನಮಾಪಕ
ಇದಕ್ಕೆ ಉತ್ತರ ಕೊಡಿ ಅಟ್ಲಾಸ್ ಸರ್.

ಅಟ್ಲಾಸ್_ಹುಳು
ಯೋಚಿಸುತ್ತಿದ್ದೇನೆ.

ರೇಖಾಂಶ
ಏನಾದರೂ ತಿಳಿಯಬೇಕು ಅನ್ನುವವರು ಟ್ರೇಡಲ್ ಆಡಿ. ಒಂದು ದೇಶ ಹೊರಗೆ ಮಾರುವ ಸರಕುಗಳನ್ನು ಬಣ್ಣದ ಚೌಕಗಳಾಗಿ ತೋರಿಸುತ್ತಾರೆ, ಜಾಸ್ತಿ ಮಾರಿದ್ದಕ್ಕೆ ದೊಡ್ಡ ಚೌಕ. ದೇಶ ಯಾವುದು ಅಂತ ಹೇಳಬೇಕು. ಬರೀ ತಾಮ್ರ ಕಂಡರೆ ಜಾಂಬಿಯಾನೋ ಚಿಲಿನೋ ಅಂತ ಶುರು. ವಜ್ರವೇ ತುಂಬಿದ್ದರೆ ಬೋಟ್ಸ್‌ವಾನ. ಒಂದು ದಿನ ಮೀನು ಮತ್ತು ಅಲ್ಯೂಮಿನಿಯಂ ಒಟ್ಟಿಗೆ ಬಂತು. ಮೀನು ಸರಿ, ಅಲ್ಯೂಮಿನಿಯಂ ಎಲ್ಲಿಂದ ಬಂತು ಅಂತ ಆರೂ ಊಹೆ ಹಾಳು ಮಾಡಿಕೊಂಡೆ. ಐಸ್‌ಲ್ಯಾಂಡ್! ಅಲ್ಲಿ ಅದರ ಅದಿರೇ ಇಲ್ಲ. ನದಿ ನೀರು ಮತ್ತು ನೆಲದೊಳಗಿನ ಬಿಸಿಯಿಂದ ಕರೆಂಟು ಧಾರಾಳ, ಅಲ್ಯೂಮಿನಿಯಂ ತೆಗೆಯೋಕೆ ಬೇಕಾದದ್ದು ಅದೇ. ಕಚ್ಚಾವಸ್ತು ಹಡಗಿನಲ್ಲಿ ತರಿಸಿಕೊಂಡು ಕರಗಿಸಿ ಕಳಿಸುತ್ತಾರೆ. ಆವತ್ತು ಸೋತದ್ದಕ್ಕೆ ಬೇಜಾರೇ ಆಗಲಿಲ್ಲ.

ಸುಮ್ನೆ_ಓದುಗ
ಟ್ರಾವಲ್ ಯಾರೂ ಆಡಲ್ವಾ? ಒಂದು ದೇಶದಿಂದ ಇನ್ನೊಂದಕ್ಕೆ ಗಡಿ ದಾಟಿಕೊಂಡು ಹೋಗುವುದು. ಕಡಿಮೆ ದೇಶದಲ್ಲಿ ಮುಗಿಸಬೇಕು. ಒಂದು ಒಗಟು: ನಾರ್ವೆಯಿಂದ ಉತ್ತರ ಕೊರಿಯಾಕ್ಕೆ ನಡುವೆ ಎಷ್ಟು ದೇಶ?

ದಿಕ್ಕು_ತಪ್ಪಿದವ
ಆರೇಳು ಇರಬಹುದು.

ಆರನೇ_ಊಹೆ
ಒಂದೇ! ರಷ್ಯಾ! ಈಗ ಯಾರೂ ನನಗೆ ರಷ್ಯಾ ಮರೆಸೋಕಾಗಲ್ಲ.

ಮನೆಗೆಲಸ_ಮುಗಿಸಿ
ಒಂದು ಎಚ್ಚರಿಕೆ ಎಲ್ಲರಿಗೂ. ಕಳೆದ ವರ್ಷ ನನ್ನ 340 ದಿನದ ಸ್ಟ್ರೀಕ್ ಹೋಯಿತು, ಒಂದೂ ಸೋಲದೆ. ಫೋನ್ ನಿಧಾನ ಆಯಿತು ಅಂತ ಮಗ ಬ್ರೌಸರ್ ಡೇಟಾ ಎಲ್ಲಾ ಅಳಿಸಿಬಿಟ್ಟ. ಇಂಥ ಆಟಗಳು ತುಂಬಾ ಸಲ ಲೆಕ್ಕವನ್ನು ನಿಮ್ಮ ಬ್ರೌಸರಿನಲ್ಲೇ ಇಡುತ್ತವೆ. ಲಾಗಿನ್ ಇಲ್ಲದಿದ್ದರೆ ಬೇರೆಲ್ಲೂ ಇರುವುದಿಲ್ಲ. ಈಗಿನ 200 ಆಮೇಲೆ ಕಟ್ಟಿದ್ದು. ದಿಕ್ಕು_ತಪ್ಪಿದವರೇ, ಭೂಪಟ ನೋಡದೆ.

ದಿಕ್ಕು_ತಪ್ಪಿದವ
ಕ್ಷಮಿಸಿ ಅಕ್ಕ. ವಾಪಸ್ ತಗೊಂಡೆ.

ನಡುರಾತ್ರಿ_ಪಾಳಿ
ಅಕ್ಕ, ಮಗನಿಗೆ ಏನು ಮಾಡಿದಿರಿ?

ಮನೆಗೆಲಸ_ಮುಗಿಸಿ
ಅವನೂ ಆಡಲು ಶುರು ಮಾಡಿದ್ದಾನೆ. 60 ದಿನ ಆಗಿದೆ. ಅವನ ಫೋನೂ ಈಗ ನಿಧಾನ ಆಗಿದೆಯಂತೆ. ನೋಡೋಣ.

ಬೀದಿ_ಕಣ್ಣು
ಅಯ್ಯಯ್ಯೋ.

ಆರನೇ_ಊಹೆ
ಇವತ್ತಿನದು ಆಡಿದೆ! ಚಿತ್ರ ಮುಚ್ಚಿಯೇ. ಮೊದಲು ಚಾಡ್ ಹಾಕಿದೆ (ಅಕ್ಕನಿಗೆ ಜೈ), ಆಮೇಲೆ ಮೂಲೆಯದೊಂದು (ಕೋನಮಾಪಕರಿಗೆ ಜೈ), ಬಳೆ ಇಟ್ಟೆ, ಮೂರನೆಯದಕ್ಕೆ ಸಿಕ್ಕಿತು. ನೆರೆ ದೇಶಕ್ಕೆ ಸಾವಿರ ಕಿ.ಮೀ. ಬಂದರೂ ಹೆದರಲಿಲ್ಲ. ಉತ್ತರ ಏನಪ್ಪಾ ಅಂದರೆ

ರೇಖಾಂಶ
ಹೇಳಬೇಡಿ!! ನಾನಿರುವ ಕಡೆ ಇನ್ನೂ ಹನ್ನೆರಡು ಹೊಡೆದಿಲ್ಲ.

ಕೋನಮಾಪಕ
ಅವರವರ ಗಡಿಯಾರದ ಪ್ರಕಾರ ದಿನ ಬದಲಾಗುವ ಆಟದಲ್ಲಿ ಇದೊಂದು ತೊಂದರೆ. ಕಿರಿಬಾಟಿಯ ಪೂರ್ವದ ದ್ವೀಪಗಳು ಗ್ರೀನಿಚ್‌ಗಿಂತ 14 ಗಂಟೆ ಮುಂದೆ. ಬೇಕರ್ ದ್ವೀಪದ ಕಡೆ 12 ಗಂಟೆ ಹಿಂದೆ. ಈ 14, 12ಕ್ಕೆ ದಿನದ 24 ಸೇರಿಸಿದರೆ ಒಂದು ತಾರೀಕು ಭೂಮಿಯ ಮೇಲೆ ಒಟ್ಟು 50 ಗಂಟೆ ಬದುಕಿರುತ್ತದೆ.

ದಿಕ್ಕು_ತಪ್ಪಿದವ
ಅಂದರೆ ಕಿರಿಬಾಟಿಯಲ್ಲಿ ಒಬ್ಬ ಸ್ನೇಹಿತ ಇದ್ದರೆ ದಿನಾ ಉತ್ತರ ಮೊದಲೇ ಸಿಗುತ್ತೆ?

ಅಟ್ಲಾಸ್_ಹುಳು
ಅದು ಮೋಸ.

ಅಮ್ಮನ_ಮಗಳು
ಅಮ್ಮ ಕೇಳುತ್ತಿದ್ದಾರೆ, ಕಿರಿಬಾಟಿ ಭೂಪಟದಲ್ಲಿ ಎಲ್ಲಿದೆ ಅಂತ. ದಾರ ಹಿಡಿದುಕೊಂಡು ಕೂತಿದ್ದಾರೆ.